ಮನೆಯ ಹಿರಿಯರೂ ನಾಡಿನ ಚರಿತ್ರೆಯೂ

ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧಗಳ ಪಟ್ಟಿ, ಒಪ್ಪಂದಗಳ ತಾರೀಕು ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ವೃತ್ತಿಯಲ್ಲಿರುವ ನಾವೂ ಈ ಭಾವನೆಯಿಂದ ಹೊರತಾದವರಲ್ಲ. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಪಂಪ ಮಹಾಕವಿಯ ವಿಷಯವಾಗಿ ಪಾಠ ಹೇಳುತ್ತಿದ್ದೆವು. ಕವಿಯ ತಂದೆ ಅಭಿರಾಮದೇವರಾಯ, ಆತನ ತಂದೆ ಕುಮಾರಯ್ಯ, ಆತನ ತಂದೆ ಅಭಿಮಾನಚಂದ್ರ, ಆತನ ತಂದೆ ಮಾಧವ ಸೋಮಯಾಜಿ ಎಂದು ನಾಲ್ಕು ತಲೆಮಾರನ್ನು ಮಕ್ಕಳು ಒಂದೇ ಉಸಿರಿನಲ್ಲಿ ಒಪ್ಪಿಸಿದರು. ನಮಗೆ ಸಂತೋಷವಾಯಿತು. ಆ ಸಂತೋಷದಲ್ಲಿಯೇ, “ಇನ್ನು ನಿಮ್ಮ ನಿಮ್ಮ ಮನೆಯ ನಾಲ್ಕು ತಲೆಮಾರಿನ ಹೆಸರುಗಳನ್ನು ಬರೆಯಿರಿ” ಎಂದೆವು. ತರಗತಿ ನಿಶ್ಶಬ್ದವಾಯಿತು. ಅಜ್ಜನ ಹೆಸರಿನವರೆಗೆ ಹೆಚ್ಚಿನವರ ಲೇಖನಿ ಓಡಿತು. ಮುತ್ತಜ್ಜನಲ್ಲಿಗೆ ಬಂದಾಗ ಬಹುಮಂದಿ ನಿಂತರು. ಮುತ್ತಜ್ಜಿಯ ಹೆಸರನ್ನು ಬರೆದವರು ಒಬ್ಬರೂ ಇರಲಿಲ್ಲ. ಮಕ್ಕಳನ್ನು ಗದರಿಸಲು ಬಾಯಿ ತೆರೆದವರು ಹಾಗೆಯೇ ಸುಮ್ಮನಾದೆವು. ಏಕೆಂದರೆ ನಮ್ಮ ತಾಯಿಯ ಅಜ್ಜಿಯ ಹೆಸರು ನಮಗೂ ನೆನಪಿಗೆ ಬರಲಿಲ್ಲ.

ಸಾವಿರ ವರ್ಷಗಳಿಗೂ ಹಿಂದಿನ ಕವಿಯ ಮನೆತನವನ್ನು ಬಲ್ಲ ನಾವು ನೂರು ವರ್ಷಗಳ ಹಿಂದಿನ ನಮ್ಮ ಮನೆತನವನ್ನು ಅರಿಯದಿರುವುದಕ್ಕೆ ಕಾರಣವೇನು? ಕಾರಣ ಸರಳವಾದುದು. ಪಂಪನು ಬರೆದಿಟ್ಟನು, ನಮ್ಮವರು ಬರೆದಿಡಲಿಲ್ಲ.

ಆ ಕವಿಯ ವಿಷಯದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. 941ರಲ್ಲಿ ಕಾವ್ಯಗಳನ್ನು ಮುಗಿಸಿದ ಪಂಪನು ತನ್ನ ತಂದೆಯ ಕಡೆಯ ಹಿರಿಯರನ್ನು ಹೆಸರಿಸಿ ಹೇಳಿದನು. ಆದರೆ ಆತನ ತಾಯಿ ಅಬ್ಬಣಬ್ಬೆಯೆಂದೂ, ಆಕೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದೂ ನಮಗೆ ತಿಳಿದುದು ಆತನ ತಮ್ಮನಾದ ಜಿನವಲ್ಲಭನು ಕುರಿಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಿಂದ. ಆ ಬಂಡೆ ಇಂದು ತೆಲಂಗಾಣದ ಕರೀಂನಗರದ ಸೀಮೆಯಲ್ಲಿದೆ; ಅದರಲ್ಲಿ ಕನ್ನಡ, ಸಂಸ್ಕೃತ, ತೆಲುಗು ಮೂರೂ ಭಾಷೆಗಳಿವೆ. ಕನ್ನಡದ ಆದಿಕವಿಯ ತಾಯಿಯ ಹೆಸರನ್ನು ಉಳಿಸಿಕೊಟ್ಟುದು ಗಡಿಯಾಚೆಯ ಒಂದು ಬಂಡೆ ಎಂಬುದನ್ನು ಗಡಿನಾಡಿನವರಾದ ನಾವು ಮರೆಯಬಾರದು. ತಮ್ಮನು ಬರೆಯಿಸದಿದ್ದರೆ ಆ ಹೆಸರು ಎಂದೋ ಮಣ್ಣುಗೂಡಿ ಹೋಗುತ್ತಿದ್ದಿತು.

ಇದಕ್ಕೆ ಪ್ರತಿಯಾದ ಉದಾಹರಣೆಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಕುಂಬಳೆಯ ಪಾರ್ತಿಸುಬ್ಬನ ಹೆಸರನ್ನು ಕೇಳದ ಮನೆ ಈ ಸೀಮೆಯಲ್ಲಿ ಇರಲಾರದು. ರಾಮಾಯಣದ ಯಕ್ಷಗಾನ ಪ್ರಸಂಗಗಳನ್ನು ಆತನ ಹೆಸರಿನಲ್ಲಿಯೇ ನಾವು ಹಾಡಿಕೊಂಡು ಬಂದಿದ್ದೇವೆ. ಆದರೆ ಆತನು ಯಾವ ಕಾಲದಲ್ಲಿದ್ದನು, ಆತನ ತಂದೆತಾಯಿಗಳಾರು, ಯಾವ ಯಾವ ಪ್ರಸಂಗಗಳು ಆತನವು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಮ್ಮ ಕರಾವಳಿಯ ಹಿರಿಯ ವಿದ್ವಾಂಸರಾದ ಮುಳಿಯ ತಿಮ್ಮಪ್ಪಯ್ಯನವರು ಪಂಪನ ವಿಷಯವಾಗಿಯೂ ಪಾರ್ತಿಸುಬ್ಬನ ವಿಷಯವಾಗಿಯೂ ಗ್ರಂಥಗಳನ್ನು ಬರೆದರು. ಪಂಪನ ವಂಶವನ್ನು ವಿಚಾರಿಸುವವರಿಗೆ ಕವಿಯ ಸ್ವಂತ ಮಾತೇ ಆಧಾರವಾಗಿ ದೊರೆಯುತ್ತದೆ. ಅದಕ್ಕಿಂತ ಬಹಳ ಈಚಿನವನೂ, ನಮ್ಮ ನೆರೆಯವನೂ ಆದ ಸುಬ್ಬನನ್ನು ಕುರಿತು ವಿಚಾರಿಸುವವರು ಊಹೆಯನ್ನೂ ಕೇಳಿಕೆಯನ್ನೂ ಆಶ್ರಯಿಸಬೇಕಾಗುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ಪ್ರಾಚೀನರ ಕಾಲನಿರ್ಣಯಕ್ಕಾಗಿ ಎಷ್ಟು ಶ್ರಮಪಟ್ಟರೆಂಬುದನ್ನು ಬಲ್ಲವರು ಬಲ್ಲರು. ಒಬ್ಬ ಕವಿ ತನ್ನ ಹೆಸರನ್ನೂ ಸಂವತ್ಸರವನ್ನೂ ಎರಡು ಸಾಲಿನಲ್ಲಿ ಹೇಳಿಹೋಗಿದ್ದರೆ ಮುಂದಿನವರ ಎಷ್ಟೋ ವರ್ಷಗಳ ದುಡಿತ ಉಳಿಯುತ್ತದೆ.

ಕವಿಗಳ ಮಾತು ಹಾಗಿರಲಿ. ಸಾಮಾನ್ಯ ಜನರ ಬಾಳಿಗೂ ನಾಡಿನ ಚರಿತ್ರೆಗೂ ಏನು ಸಂಬಂಧವೆಂದು ಕೇಳುವವರು ಇರಬಹುದು. ನಮ್ಮ ಕಾಸರಗೋಡು ಸೀಮೆಯ ಮಟ್ಟಿಗೆ ಈ ಪ್ರಶ್ನೆಗೆ ಉತ್ತರವನ್ನು ಮೂರು ನಾಲ್ಕು ತಾರೀಕುಗಳೇ ಹೇಳುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೆನರಾ ಕುಂಪಣಿಯ ಕೈಸೇರಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಹೋಯಿತು. ದಕ್ಷಿಣ ಕೆನರಾ ಮದರಾಸಿನಲ್ಲಿಯೇ ಉಳಿಯಿತು. 1907ರಲ್ಲಿ ರೈಲು ನಮ್ಮ ಊರುಗಳನ್ನು ಹಾದು ಮಂಗಳೂರನ್ನು ಮುಟ್ಟಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳವನ್ನು ಸೇರಿತು. 1966ರಲ್ಲಿ ಮಹಾಜನ ಆಯೋಗ ನೇಮಕವಾಗಿ, ಮರುವರ್ಷ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ವರದಿಯಿತ್ತಿತು, ವರದಿ ಕಾರ್ಯಗತವಾಗಲಿಲ್ಲ. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಒಂದೊಂದು ಘಟನೆಗೂ ಪಠ್ಯಪುಸ್ತಕದಲ್ಲಿ ಒಂದೊಂದು ಸಾಲು. ಆ ಸಾಲುಗಳು ಸತ್ಯವೇ ಹೌದು. ಆದರೆ ಅವುಗಳಲ್ಲಿ ಮನುಷ್ಯರಿಲ್ಲ.

1862ನ್ನು ನೋಡಿರಿ. ಒಂದೇ ಕೆನರಾದ ಜನ ಆ ವರ್ಷ ಎರಡು ಪ್ರಾಂತಗಳ ಪ್ರಜೆಗಳಾದರು. ಮಂಗಳೂರಿನ ಕಡೆಯಿಂದ ಹೊನ್ನಾವರದ ಕಡೆಗೆ ಮಗಳನ್ನು ಕೊಟ್ಟಿದ್ದ ತಾಯಿ ಆ ಸುದ್ದಿಯನ್ನು ಕೇಳಿ ಏನೆಂದಳು? ವ್ಯವಹಾರ ನಡೆಸುತ್ತಿದ್ದವರಿಗೆ ಯಾವ ತೊಡಕು ಬಂದಿತು? ಅಥವಾ ಯಾರಿಗೂ ಏನೂ ಅನ್ನಿಸಲಿಲ್ಲವೇ? ನಾವು ಕಂಡ ಯಾವ ಮನೆಯ ಕಡತದಲ್ಲಿಯೂ ಇದಕ್ಕೆ ಉತ್ತರವಿಲ್ಲ. ಗೇಣಿಯ ಲೆಕ್ಕವಿದೆ, ಸಾಲದ ಲೆಕ್ಕವಿದೆ, ದೇವಕಾರ್ಯದ ಖರ್ಚಿನ ಲೆಕ್ಕವಿದೆ, ಮನಸ್ಸಿನ ಲೆಕ್ಕವಿಲ್ಲ. ಕೇಳೋಣವೆಂದರೆ ಆ ಕಾಲದ ಒಂದು ಜೀವವೂ ಉಳಿದಿಲ್ಲ. ಆ ಬಾಗಿಲು ಶಾಶ್ವತವಾಗಿ ಮುಚ್ಚಿತು.

1956ರ ಬಾಗಿಲು ಇನ್ನೂ ಮುಚ್ಚಿಲ್ಲ. ಅಂದು ಹತ್ತು ವರ್ಷದ ಬಾಲಕರಾಗಿದ್ದವರು ಇಂದು ಎಂಬತ್ತರ ಹೊಸ್ತಿಲಿನಲ್ಲಿದ್ದಾರೆ. ನಮ್ಮ ನಿಮ್ಮ ಮನೆಗಳ ಜಗಲಿಯಲ್ಲಿ ಅವರು ಕುಳಿತಿದ್ದಾರೆ. ವಾಚಕರ ಮುಂದೆ ನಾವು ಇಡಬಯಸುವ ಮಾತು ಇಷ್ಟೇ: ಅವರಿಂದ ಬರೆಯಿಸಿರಿ. ಅವರು ಬರೆಯಲಾರದಿದ್ದರೆ ನೀವು ಕೇಳಿ ಬರೆಯಿರಿ. ಈ ಮಾತನ್ನು ಹೇಳುವ ಅಧಿಕಾರ ನಮಗೆ ಬಂದುದು ವಿದ್ವಾನ್ ಪದವಿಯಿಂದಲ್ಲ. ಒಂದು ಸಣ್ಣ ಪ್ರಯತ್ನದಿಂದ ಮತ್ತು ಒಂದು ದೊಡ್ಡ ತಪ್ಪಿನಿಂದ. ಆದುದರಿಂದ ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ನಮ್ಮ ಸೋದರಮಾವನವರು ಹುಟ್ಟಿದುದು 1946ರಲ್ಲಿ. ಅಡಿಕೆ ತೋಟ, ಎರಡು ಬೆಳೆಯ ಗದ್ದೆ, ಊರಿನ ಮೇಳದ ಆಟ, ಇಷ್ಟೇ ಅವರ ಲೋಕ. ತರಗತಿಯಲ್ಲಿ ಆದ ಮುಖಭಂಗದ ಬಳಿಕ ನಾವು ಒಂದು ಹೊಸ ನೋಟುಪುಸ್ತಕವನ್ನೂ ಲೇಖನಿಯನ್ನೂ ಕೊಂಡುಹೋಗಿ ಅವರ ಮುಂದಿಟ್ಟು, “ಮಾವ, ನಿಮ್ಮ ಜೀವನಚರಿತ್ರೆಯನ್ನು ಬರೆಯಬೇಕು” ಎಂದೆವು. ಅವರು ನಕ್ಕರು. “ನನ್ನ ಚರಿತ್ರೆ ಎಂತ ಬರೆಯುವುದು ಮಾರಾಯ? ಚರಿತ್ರೆ ಬರೆಯಲಿಕ್ಕೆ ನಾನೇನು ಗಾಂಧಿಯೋ? ಹುಟ್ಟಿದೆ, ತೋಟಕ್ಕೆ ನೀರು ಬಿಟ್ಟೆ, ಇನ್ನು ಹೋಗುವುದು” ಎಂದರು. ಪುಸ್ತಕ ಆರು ತಿಂಗಳು ಪಂಚಾಂಗದ ಕೆಳಗೆ ಬಿದ್ದಿತ್ತು. ಒಮ್ಮೆ ತೆರೆದು ನೋಡಿದರೆ ಮೊದಲ ಪುಟದಲ್ಲಿ ‘ಶ್ರೀ’ ಎಂದು ಬರೆದು ಕೆಳಗೆ ಅಡಿಕೆ ಮಾರಿದ ಲೆಕ್ಕ ಹಾಕಿದ್ದರು.

ತಪ್ಪು ಅವರದಲ್ಲ, ಕೇಳಿದ ಕ್ರಮ ನಮ್ಮದು. ಜೀವನಚರಿತ್ರೆಯೆಂಬ ಭಾರವಾದ ಮಾತಿನಿಂದ ಅವರ ಬಾಯನ್ನು ನಾವೇ ಕಟ್ಟಿದ್ದೆವು. ಬಳಿಕ ಒಂದು ಮಳೆಗಾಲದ ಸಂಜೆ ಅಟ್ಟದಿಂದ ಏನನ್ನೋ ಇಳಿಸುವಾಗ ಹಳೆಯ ಕಳಸಿಗೆಯೊಂದು ಸಿಕ್ಕಿತು. “ಮಾವ, ಇದರಲ್ಲಿ ಎಷ್ಟು ಹಿಡಿಯುತ್ತದೆ?” ಎಂದು ಕೇಳಿದೆವು. “ಹದಿನಾಲ್ಕು ಸೇರು. ಮೂರು ಕಳಸಿಗೆಗೆ ಒಂದು ಮುಡಿ” ಎಂದು ಆರಂಭಿಸಿದವರು, 42 ಸೇರು ಅಕ್ಕಿಯನ್ನು ಬೈಹುಲ್ಲಿನಲ್ಲಿ ಮುಡಿ ಕಟ್ಟುವ ಕ್ರಮ, ಕಟ್ಟಿದ ಮುಡಿಯನ್ನು ಹೊತ್ತು ಧಣಿಗಳ ಮನೆಯ ಅಂಗಳದವರೆಗೆ ನಡೆದ ದಾರಿ, ಆ ದಾರಿಯಲ್ಲಿ ಹೊರೆ ಇಳಿಸುತ್ತಿದ್ದ ಕಟ್ಟೆ, ಅಂಗಳದಲ್ಲಿ ತಂದೆಯವರು ನಿಲ್ಲುತ್ತಿದ್ದ ರೀತಿ, ಎಲ್ಲವನ್ನೂ ರಾತ್ರಿ ಊಟದ ಹೊತ್ತಿನವರೆಗೆ ಹೇಳಿದರು. ನಾವು ಅಂದು ರಾತ್ರಿಯೇ ಅದನ್ನು ಬರೆದುಕೊಂಡೆವು. ಮರುವಾರ ಓದಿ ಹೇಳಿದಾಗ, “ಹಾಗಲ್ಲ, ಅದನ್ನು ನೀನು ಕೆಡಿಸಿದೆ, ಇಲ್ಲಿ ಕೊಡು” ಎಂದು ಲೇಖನಿಯನ್ನು ಕಿತ್ತುಕೊಂಡರು. ಆ ದಿನದಿಂದ ಅವರೇ ಬರೆಯತೊಡಗಿದರು.

1956ರ ವಿಷಯಕ್ಕೆ ಬಂದಾಗ ಅವರು ಬರೆದುದನ್ನು ಓದಿ ನಮಗೆ ಆಶ್ಚರ್ಯವೂ ಸಂಶಯವೂ ಉಂಟಾಯಿತು. ಹಂಡೆಗೆ ನೀರು ತುಂಬಿದ ರಾತ್ರಿ ಮದರಾಸಿನವರಾಗಿ ಮಲಗಿದೆವು. ಎಣ್ಣೆ ಹಚ್ಚಿಕೊಳ್ಳಲು ಎದ್ದಾಗ ಕೇರಳದವರಾಗಿದ್ದೆವು ಎಂಬುದು ಅವರ ಬರವಣಿಗೆಯ ತಾತ್ಪರ್ಯ. ಸಂಜೆ ಬಚ್ಚಲಿನ ಹಂಡೆಯನ್ನು ಬೆಳಗಿ, ಬಳ್ಳಿ ಸುತ್ತಿ, ಶೇಡಿಯ ಗೆರೆ ಎಳೆದು, ನೀರು ತುಂಬಿದ್ದು. ನಸುಕಿನಲ್ಲಿ ಅಜ್ಜಿ ಎಣ್ಣೆ ಹಚ್ಚುವಾಗ ಪೇಟೆಯಿಂದ ಬಂದಿದ್ದ ಚಿಕ್ಕಪ್ಪ ರಾಜ್ಯ ಬದಲಾದ ಸುದ್ದಿಯನ್ನು ಹೇಳಿದ್ದು. ಎಲ್ಲವೂ ಬಹಳ ಅಚ್ಚುಕಟ್ಟಾಗಿತ್ತು. ಅಷ್ಟು ಅಚ್ಚುಕಟ್ಟಾಗಿದ್ದುದೇ ನಮ್ಮ ಸಂಶಯಕ್ಕೆ ಕಾರಣ. ಎರಡು ನೆನಪುಗಳು ಎಪ್ಪತ್ತು ವರ್ಷಗಳಲ್ಲಿ ಒಂದಾಗಿರಬಹುದೆಂದು ಎಣಿಸಿ ತಿಥಿಯ ಲೆಕ್ಕ ಹಾಕಿದೆವು. ದುರ್ಮುಖಿ ಸಂವತ್ಸರದ ಆ ಆಶ್ವಯುಜದಲ್ಲಿ ದೀಪಾವಳಿಯ ಅಮಾವಾಸ್ಯೆ ಬಿದ್ದುದು ನವೆಂಬರ್ 2, ಶುಕ್ರವಾರ. ನರಕ ಚತುರ್ದಶಿಯ ಎಣ್ಣೆಸ್ನಾನ ಅದರ ಹಿಂದಿನ ದಿನ, ಗುರುವಾರ ನಸುಕಿನಲ್ಲಿ. ಅಂದರೆ ನವೆಂಬರ್ 1ರಂದೇ! ಹತ್ತು ವರ್ಷದ ಬಾಲಕನ ಕಣ್ಣು ಸುಳ್ಳು ಹೇಳಿರಲಿಲ್ಲ. ನಾವು ಸಂಶಯಪಟ್ಟುದನ್ನು ಹೇಳಿ ಕ್ಷಮೆ ಕೇಳಿದಾಗ ಮಾವನವರು, “ಸಂವತ್ಸರದ ಹೆಸರೇ ದುರ್ಮುಖಿ, ಮತ್ತೇನು ಆಗಬೇಕು?” ಎಂದು ನಕ್ಕುಬಿಟ್ಟರು.

ಆ ಪುಟದಲ್ಲಿ ಇನ್ನೂ ಒಂದು ಮಾತಿದೆ. ಚಿಕ್ಕಪ್ಪನ ಸುದ್ದಿಯನ್ನು ಕೇಳಿದ ಅಜ್ಜಿ ಎಣ್ಣೆಯ ಕೈಯನ್ನು ತಡೆದು, “ಇನ್ನು ಪುತ್ತೂರಿಗೆ ಹೋಗಲಿಕ್ಕೆ ಉಂಟೋ ಇಲ್ಲವೋ?” ಎಂದು ಕೇಳಿದರಂತೆ. ಹಿರಿಯ ಮಗಳನ್ನು ಅವರು ಪುತ್ತೂರಿನ ಕಡೆಗೆ ಕೊಟ್ಟಿದ್ದರು. ಹೋಗಲಿಕ್ಕೆ ಉಂಟು, ಯಾರೂ ತಡೆಯುವುದಿಲ್ಲ ಎಂದು ಎಷ್ಟು ಹೇಳಿದರೂ ಆ ಹಬ್ಬದಲ್ಲಿ ಅವರು ಸರಿಯಾಗಿ ಊಟ ಮಾಡಲಿಲ್ಲವಂತೆ. ರಜೆ ಕಳೆದು ಶಾಲೆಗೆ ಹೋದರೆ ಗೋಡೆಯ ಮೇಲೆ ಮದರಾಸಿನ ಹಳೆಯ ಭೂಪಟವೇ ತೂಗುತ್ತಿತ್ತಂತೆ. ಆ ವರ್ಷವಿಡೀ ಅದನ್ನು ಯಾರೂ ಇಳಿಸಲಿಲ್ಲವಂತೆ. ಹೊನ್ನಾವರಕ್ಕೆ ಮಗಳನ್ನು ಕೊಟ್ಟ ತಾಯಿ 1862ರಲ್ಲಿ ಏನೆಂದಳೋ ನಾವರಿಯೆವು. ಪುತ್ತೂರಿಗೆ ಮಗಳನ್ನು ಕೊಟ್ಟ ತಾಯಿ 1956ರಲ್ಲಿ ಏನೆಂದಳೆಂಬುದು ಈಗ ಬರಹದಲ್ಲಿದೆ. ಕಾಸರಗೋಡಿನ ಪ್ರಶ್ನೆಯನ್ನು ಕುರಿತು ಎಷ್ಟೋ ಮನವಿಗಳೂ ಭಾಷಣಗಳೂ ಅಚ್ಚಾಗಿವೆ. 1957ರ ಚುನಾವಣೆಯಲ್ಲಿ ಮಂಜೇಶ್ವರದಿಂದ ಉಮೇಶರಾಯರು ಎದುರಾಳಿಯಿಲ್ಲದೆ ಕೇರಳ ವಿಧಾನಸಭೆಗೆ ಆರಿಸಿಬಂದ ಸಂಗತಿ ದಾಖಲೆಯಲ್ಲಿದೆ. ಅವುಗಳ ಜೊತೆಯಲ್ಲಿ ಎಣ್ಣೆಯ ಕೈಯನ್ನು ತಡೆದು ನಿಂತ ಆ ಅಜ್ಜಿಗೂ ಒಂದು ಸ್ಥಾನವಿರಬೇಡವೇ?

ಹಿರಿಯರ ನೆನಪು ಎಲ್ಲ ಕಡೆಯೂ ಹೀಗೆ ನಿಖರವಾಗಿರುತ್ತದೆಂದು ನಾವು ಹೇಳುವುದಿಲ್ಲ. ಮಹಾಜನ ಆಯೋಗದ ವಿಷಯವನ್ನು ಮಾವನವರು ರಾಜ್ಯ ಬದಲಾದ ಮರುವರ್ಷದ್ದೆಂದೇ ಬರೆದಿದ್ದರು. ನಡುವೆ ಹತ್ತು ವರ್ಷಗಳು ಸಂದಿದ್ದವು. ಹಬ್ಬ, ಮಳೆ, ಮದುವೆ, ಮರಣ ಇವುಗಳಿಗೆ ಅಂಟಿಕೊಂಡ ನೆನಪು ಗಟ್ಟಿಯಾಗಿರುತ್ತದೆ. ಪತ್ರಿಕೆಯಲ್ಲಿ ಓದಿದುದು ಮುಂದು ಹಿಂದಾಗುತ್ತದೆ. ಇಂತಹ ಕಡೆಯಲ್ಲಿ ಹಿರಿಯರ ಬರಹವನ್ನು ಹೊಡೆದುಹಾಕಕೂಡದು. ಅವರು ಬರೆದುದು ಹಾಗೆಯೇ ಇರಲಿ. ಸರಿಯಾದ ವರ್ಷವನ್ನು ಅಂಚಿನಲ್ಲಿ ಬೇರೆ ಶಾಯಿಯಿಂದ ಗುರುತು ಮಾಡಿರಿ. ತಪ್ಪಿದ ನೆನಪೂ ಚರಿತ್ರೆಗೆ ಒಂದು ಸಾಕ್ಷಿಯೇ.

ಇನ್ನು ನಮ್ಮ ತಪ್ಪಿನ ವಿಷಯ. ನಮ್ಮ ಅತ್ತೆಯವರು 1971ರಲ್ಲಿ ಸುಳ್ಯದ ಕಡೆಯಿಂದ ಈ ಮನೆಗೆ ಸೊಸೆಯಾಗಿ ಬಂದವರು. ಮಾವನವರು ಹೇಳುವಾಗಲೂ ಬರೆಯುವಾಗಲೂ ಅವರು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು. ಭೂಮಿಯ ಪಟ್ಟೆ ಕೈಗೆ ಬಂದ ವರ್ಷದ ವಿಷಯದಲ್ಲಿ ಮಾವನವರು 1972 ಎಂದಾಗ ಅಡಿಗೆಮನೆಯಿಂದಲೇ, “ಅಲ್ಲ, ದೊಡ್ಡವನ ನಾಮಕರಣ ಆದ ಮೇಲೆ ಬಂದದ್ದು” ಎಂಬ ಧ್ವನಿ ಬಂದಿತು. ಕಾಗದವನ್ನು ತೆಗೆದು ನೋಡಿದರೆ 1975. ಹಿರಿಯ ಮಗ ಹುಟ್ಟಿದುದು 1974. ಅತ್ತೆಯವರ ಮಾತೇ ಸರಿ. ನಾವು ಏನು ಮಾಡಿದೆವು? ಆ ತಿದ್ದುಪಡಿಯನ್ನು ಮಾವನವರ ಮಾತಾಗಿಯೇ ಪುಸ್ತಕದಲ್ಲಿ ಸೇರಿಸಿ ಮುಂದುವರಿದೆವು. ಹೀಗೆ ಎಷ್ಟು ಸಲ ಆಯಿತೋ ಲೆಕ್ಕವಿಲ್ಲ. ಅತ್ತೆಯವರನ್ನು ಕೂರಿಸಿ ಕೇಳಬೇಕೆಂದು ನಮಗೆ ತೋರಲೇ ಇಲ್ಲ. ತೋರಿದಾಗ, “ಮಾವನದು ಮುಗಿಯಲಿ” ಎಂದುಕೊಂಡೆವು.

ಒಂದು ಆಟಿ ತಿಂಗಳಲ್ಲಿ, ನಾಲ್ಕು ದಿನದ ಜ್ವರದಲ್ಲಿ, ಅವರು ತೀರಿಕೊಂಡರು. ಮಾವನವರ ಬರಹ ಎರಡು ನೋಟುಪುಸ್ತಕಗಳನ್ನು ತುಂಬಿದೆ. ಅದರಲ್ಲಿ ಅತ್ತೆಯವರ ವಿಷಯವಾಗಿ ಇರುವುದು ಒಂದೇ ಸಾಲು: ಇವಳು ಬಂದ ವರ್ಷ ಮಳೆ ಜೋರು. ಮೈಸೂರು ರಾಜ್ಯದ ಹಳ್ಳಿಯಿಂದ ಕೇರಳದ ಹಳ್ಳಿಗೆ ಮದುವೆಯಾಗಿ ಬಂದ ಆ ಹೆಣ್ಣುಮಗಳ ತವರು 1973ರಲ್ಲಿ ಕರ್ನಾಟಕವೆಂಬ ಹೆಸರನ್ನು ತಳೆಯಿತು. ರೇಷನ್ ಅಂಗಡಿಯ ಕಾಗದದಲ್ಲಿ ಮೊದಲ ಸಲ ತಿಳಿಯದ ಲಿಪಿಯನ್ನು ಕಂಡಾಗ ಆಕೆ ಯಾರನ್ನು ಕೇಳಿದರು? ತವರಿನ ಮಾತಿಗೂ ಈ ಮನೆಯ ಮಾತಿಗೂ ಇದ್ದ ಸಣ್ಣ ಭೇದಕ್ಕೆ ಯಾರಾದರೂ ನಕ್ಕರೇ? ಹೆರಿಗೆಗಳು ಎಲ್ಲಿ, ಯಾರ ಕೈಯಲ್ಲಿ ಆದವು? ಹಲಸಿನಕಾಯಿ ಕೊಯ್ಯುವಾಗ ಅರ್ಧ ಹಾಡಿ ನಿಲ್ಲಿಸುತ್ತಿದ್ದ ಹಾಡಿನ ಉಳಿದರ್ಧ ಯಾವುದು? ಇವನ್ನು ಇನ್ನು ಯಾರನ್ನೂ ಕೇಳುವಂತಿಲ್ಲ. ಪಂಪನ ತಾಯಿಗೆ ಒಂದು ಬಂಡೆಯಾದರೂ ದೊರೆಯಿತು. ಆ ಶಾಸನವನ್ನು ಪರೀಕ್ಷೆಗಾಗಿ ಓದಿದ, ತರಗತಿಯಲ್ಲಿ ಎಷ್ಟೋ ಸಲ ಪಾಠ ಹೇಳಿದ ನಾವು ನಮ್ಮ ಮನೆಯ ಅಬ್ಬಣಬ್ಬೆಯನ್ನು ಹತ್ತು ಅಡಿ ದೂರದಲ್ಲಿ ಇದ್ದಾಗಲೂ ಗುರುತಿಸಲಿಲ್ಲ. ಈ ವ್ಯಸನ ನಮ್ಮನ್ನು ಬಿಟ್ಟು ಹೋಗುವಂಥದಲ್ಲ.

ನಮ್ಮ ಸೀಮೆಯಲ್ಲಿ ಬರೆದು ಉಳಿಸಿದ ಹಿರಿಯರೂ ಇದ್ದಾರೆ. ನೂರು ವರ್ಷ ಬಾಳಿ 2015ರಲ್ಲಿ ನಿಧನರಾದ ಕಯ್ಯಾರ ಕಿಞ್ಞಣ್ಣ ರೈಗಳು ಕವಿಯಾಗಿ, ಅಧ್ಯಾಪಕರಾಗಿ, ಕೃಷಿಕರಾಗಿ, ಕಾಸರಗೋಡಿನ ಕನ್ನಡದ ಹೋರಾಟದಲ್ಲಿ ಮುಂದಾಳಾಗಿ ಬಾಳಿದುದನ್ನು ‘ದುಡಿತವೇ ನನ್ನ ದೇವರು’ ಎಂಬ ಆತ್ಮಕಥೆಯಲ್ಲಿ ಹೇಳಿದ್ದಾರೆ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲೆಯಾಳ. ಓದಿದುದು ಕನ್ನಡ ಶಾಲೆಯಲ್ಲಿ. ‘ಚಂದ್ರಗಿರಿಯ ತೀರದಲ್ಲಿ’ ಎಂಬ ಕಾದಂಬರಿಯಿಂದ ನಾಡಿಗೆಲ್ಲ ಪರಿಚಿತರಾದ ಅವರು ‘ಹೊತ್ತು ಕಂತುವ ಮುನ್ನ’ ಎಂದು ತಮ್ಮ ಬಾಳಿನ ಕಥೆಯನ್ನೂ ಬರೆದರು. 2023ರಲ್ಲಿ ಅವರು ನಿಧನರಾದರೂ ಅವರ ಮಾತು ಉಳಿದಿದೆ. ಇವರು ಪ್ರಸಿದ್ಧ ಲೇಖಕರು, ನಮ್ಮವರಿಗೆ ಆ ಶಕ್ತಿಯೆಲ್ಲಿ ಎಂದು ಹಿಂಜರಿಯಬೇಕಾಗಿಲ್ಲ. ಅಚ್ಚಿಗಾಗಿ ಬರೆಯುವುದು ಒಂದು ಬಗೆ. ಮನೆಗಾಗಿ ಬರೆಯುವುದು ಇನ್ನೊಂದು. ಎರಡನೆಯದಕ್ಕೆ ಶೈಲಿಯೂ ಬೇಕಿಲ್ಲ, ವ್ಯಾಕರಣವೂ ಬೇಕಿಲ್ಲ.

ಈ ಕೆಲಸಕ್ಕೆ ತೊಡಗುವವರಿಗೆ ನಮ್ಮ ಅನುಭವದಿಂದ ಕೆಲವು ಮಾತುಗಳನ್ನು ಹೇಳಬಹುದು.

ಮೊದಲನೆಯದಾಗಿ, ಬಾಳನ್ನೆಲ್ಲ ಒಮ್ಮೆಗೇ ಕೇಳಬೇಡಿರಿ. ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ಕೇಳಿರಿ. ಕಳಸಿಗೆ, ಹಳೆಯ ಛಾಯಾಚಿತ್ರ, ಮದುವೆಯ ಕರೆಯೋಲೆ, ತೀರುವೆಯ ರಶೀದಿ, ಕಪ್ಪು ಕಡತ, ಇವುಗಳಲ್ಲಿ ಯಾವುದಾದರೂ ಆದೀತು. ಶಾಲೆಗೆ ಯಾವ ದಾರಿಯಿಂದ ಹೋಗುತ್ತಿದ್ದಿರಿ, ಹೊಳೆಯನ್ನು ಹೇಗೆ ದಾಟುತ್ತಿದ್ದಿರಿ, ಮೊದಲ ಸಲ ರೈಲು ಹತ್ತಿದುದು ಎಂದು ಎಂಬಂತಹ ಪ್ರಶ್ನೆಗಳಿಗೆ ಉತ್ತರ ಹೇಳದ ಹಿರಿಯರಿಲ್ಲ.

ಎರಡನೆಯದಾಗಿ, ಅವರ ಮಾತಿನಲ್ಲಿಯೇ ಬರೆಯಿರಿ. ನಮ್ಮ ಮನೆಗಳಲ್ಲಿ ತುಳುವಿದೆ, ಹವ್ಯಕ ಕನ್ನಡವಿದೆ, ಕೊಂಕಣಿಯಿದೆ, ಮರಾಟಿಯಿದೆ, ಮಲೆಯಾಳವಿದೆ. ಕನ್ನಡ ಲಿಪಿ ಇವೆಲ್ಲಕ್ಕೂ ನೆರಳು ಕೊಡಬಲ್ಲುದು. ಅಜ್ಜಿ ಆಡಿದ ತುಳು ಮಾತನ್ನು ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿದರೆ ಅಜ್ಜಿ ಮಾಯವಾಗುತ್ತಾರೆ. ಪಂಡಿತರೊಬ್ಬರು ಮಾತ್ರ ಉಳಿಯುತ್ತಾರೆ. ಇದನ್ನು ಕನ್ನಡ ಪಂಡಿತರಾದ ನಾವೇ ಹೇಳುತ್ತಿದ್ದೇವೆ. ಗದ್ದೆಗಳ ಹೆಸರು, ತೋಡುಗಳ ಹೆಸರು, ಕಟ್ಟೆಗಳ ಹೆಸರು ಬಂದಲ್ಲಿ ಮನೆಯವರು ಹೇಳುವಂತೆಯೇ ಬರೆಯಿರಿ. ಕಚೇರಿಯ ಕಾಗದದಲ್ಲಿ ಅವು ಬೇರೆ ರೂಪವನ್ನು ತಾಳಿರಬಹುದು, ಅಥವಾ ಇಲ್ಲದೆಯೇ ಹೋಗಿರಬಹುದು.

ಮೂರನೆಯದಾಗಿ, ಇಂದು ಮನೆಮನೆಯಲ್ಲಿಯೂ ಮೊಬೈಲು ಫೋನು ಇದೆ. ಕೈ ನಡುಗುವ ಹಿರಿಯರ ಧ್ವನಿಯನ್ನು ಅದರಲ್ಲಿ ಹಿಡಿದಿಡಬಹುದು. ಆದರೆ ಹಿಡಿದಿಟ್ಟುದನ್ನು ಅದೇ ವಾರ ಕಾಗದಕ್ಕೆ ಇಳಿಸಿರಿ. ಯಂತ್ರ ಕೆಟ್ಟರೆ ಧ್ವನಿಯೂ ಹೋಯಿತು. ಕಾಗದಕ್ಕಾದರೂ ನಮ್ಮ ಮಳೆಗಾಲದ ತಂಡಿಯೂ ಗೆದ್ದಲೂ ಶತ್ರುಗಳೇ. ಆದುದರಿಂದ ಎರಡು ಪ್ರತಿ ಮಾಡಿ ಎರಡು ಮನೆಗಳಲ್ಲಿ ಇಡಿರಿ.

ನಾಲ್ಕನೆಯದಾಗಿ, ಒಂದೇ ಸಂಗತಿಯನ್ನು ಇಬ್ಬರಿಂದ ಕೇಳಿರಿ. 1970ರ ಜನವರಿ 1ರಿಂದ ಜಾರಿಗೆ ಬಂದ ಕೇರಳದ ಭೂಸುಧಾರಣೆ ನಮ್ಮ ಮಾವನವರಂತಹ ಚಾಲಗೇಣಿಯ ಒಕ್ಕಲು ಮನೆಯವರಿಗೆ ತಲೆಯೆತ್ತಿ ನಿಲ್ಲುವ ದಿನವನ್ನು ತಂದಿತು. ಅದೇ ದಿನ ಧಣಿಗಳ ಮನೆಯಲ್ಲಿ ಅಕ್ಕಿಯ ಕಣಜದ ಮುಂದೆ ಯೋಚಿಸುತ್ತ ನಿಂತವರೂ ಇದ್ದಿರಬೇಕು. ಗೇಣಿಗೂ ಗತಿಯಿಲ್ಲದೆ ಕೂಲಿಗೆ ದುಡಿದವರಿಗೆ ಆ ದಿನ ಬೇರೆಯೇ ಆಗಿದ್ದಿರಬೇಕು. ಮೂರು ಮನೆಗಳ ಮಾತೂ ಸೇರಿದರೆ ಊರಿನ ಚರಿತ್ರೆ. ಒಂದೇ ಮನೆಯದಾದರೆ ಅದು ವಾದಪತ್ರ. ಗಂಡನಿಂದ ಕೇಳಿದುದನ್ನು ಹೆಂಡತಿಯಿಂದಲೂ ಕೇಳಿರಿ. ಸಾಧ್ಯವಾದರೆ ಹೆಂಡತಿಯಿಂದಲೇ ಮೊದಲು ಕೇಳಿರಿ.

ಕೊನೆಯದಾಗಿ, ಹೇಳಲು ಮನಸ್ಸಿಲ್ಲದುದನ್ನು ಕೆದಕಬೇಡಿರಿ. ಪಾಲಿನ ಜಗಳ, ಕೋರ್ಟಿನ ವ್ಯಾಜ್ಯ, ಅಕಾಲದಲ್ಲಿ ಹೋದ ಮಕ್ಕಳು, ಇವು ಬಂದಾಗ ಹಿರಿಯರು ಮೌನವಾದರೆ ಆ ಮೌನಕ್ಕೆ ಗೌರವವಿರಲಿ. ಬರೆದುದನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ತೋರಿಸಕೂಡದು. ಅವರು ಬೇಡವೆಂದ ಪುಟವನ್ನು ಅವರೆದುರಿಗೇ ಹರಿದುಕೊಡುವ ಸೌಜನ್ಯವೂ ನಮ್ಮಲ್ಲಿರಬೇಕು. ಆಗಲೇ ಉಳಿದ ಪುಟಗಳನ್ನು ಅವರು ನಂಬಿ ತುಂಬಿಸುತ್ತಾರೆ.

ನಮ್ಮ ಸಂಘದ ವಾರ್ಷಿಕೋತ್ಸವದ ಈ ಸಂದರ್ಭದಲ್ಲಿ ಕನ್ನಡವನ್ನು ಉಳಿಸುವ ವಿಷಯವಾಗಿ ಅನೇಕ ಹಿರಿಯರು ಮಾತನಾಡುವರು. ಅದು ಆಗಬೇಕಾದುದೇ. ಆದರೆ ಭಾಷೆ ಉಳಿಯುವುದು ಅದರಲ್ಲಿ ಹೇಳಲೇಬೇಕಾದ ಮಾತುಗಳು ಇರುವವರೆಗೆ. ಗಡಿಯ ಈಚೆ ನಾವು ಹೇಗೆ ಬಾಳಿದೆವು ಎಂಬುದನ್ನು ನಮ್ಮ ಪರವಾಗಿ ಬೆಂಗಳೂರಿನವರೂ ಬರೆಯಲಾರರು, ತಿರುವನಂತಪುರದವರೂ ಬರೆಯಲಾರರು. ಸಂಘದ ವಾಚನಾಲಯದಲ್ಲಿ ಒಂದು ಕಪಾಟನ್ನು ಇಂತಹ ಕೈಬರಹಗಳಿಗಾಗಿ ಮೀಸಲಿಡಬೇಕೆಂದು ಕಾರ್ಯಕಾರಿ ಸಮಿತಿಯವರಲ್ಲಿ ನಮ್ಮ ವಿಜ್ಞಾಪನೆ. ಮಾವನವರ ಅನುಮತಿಯನ್ನು ಪಡೆದು ಅವರ ಎರಡು ಪುಸ್ತಕಗಳ ಪ್ರತಿಯನ್ನು ಮೊದಲಿಗೆ ನಾವೇ ತಂದು ಇಡುತ್ತೇವೆ.

ಅವುಗಳ ಜೊತೆಯಲ್ಲಿ ಮೂರನೆಯ ಪುಸ್ತಕವೊಂದು ಇರುತ್ತದೆ. ಅದರ ಮೇಲೆ ಅತ್ತೆಯವರ ಹೆಸರನ್ನೂ ಅವರ ತಾಯಿಯ ಹೆಸರನ್ನೂ ಬರೆದಿದ್ದೇವೆ. ತಾಯಿಯ ಹೆಸರನ್ನು ಸುಳ್ಯಕ್ಕೆ ಹೋಗಿ ಅವರ ತಂಗಿಯಿಂದ ಕೇಳಿ ತಿಳಿದುಕೊಂಡೆವು. ಆ ತಂಗಿಯವರಿಗೆ ಹಲಸಿನ ಹಾಡಿನ ಇನ್ನೆರಡು ಸಾಲು ನೆನಪಿತ್ತು, ಅದನ್ನೂ ಸೇರಿಸಿದ್ದೇವೆ. ಉಳಿದ ಪುಟಗಳು ಖಾಲಿ. ಇದನ್ನು ಓದುತ್ತಿರುವ ಪ್ರತಿಯೊಂದು ಮನೆಯಲ್ಲಿಯೂ ಈಗ ಒಳಗಿನಿಂದ ಒಂದು ಧ್ವನಿ ಕೇಳಿಬರುತ್ತಿರಬಹುದು. ಸಂಚಿಕೆಯನ್ನು ಮಡಚಿಟ್ಟು ಅಲ್ಲಿಗೆ ಹೋಗಿ, ಪಕ್ಕದಲ್ಲಿ ಕುಳಿತು, ಒಂದು ಪ್ರಶ್ನೆಯನ್ನು ಕೇಳಬೇಕಾಗಿ ನಮ್ಮ ಪ್ರಾರ್ಥನೆ.